ಬೀಸುವ ಕಲ್ಲು ಯಾರದು? ಬಾಗಳಿ ಸೀಮೆಯ ಸಾಲ, ಕಂತು ಮತ್ತು ಸಭೆಯ ಹೊಣೆ

ಪೀಠಿಕೆ

ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನ ಬಾಗಳಿ ಗ್ರಾಮವು ತನ್ನ ಕಲ್ಲೇಶ್ವರ ದೇವಾಲಯದಿಂದಲೂ ಅಲ್ಲಿ ದೊರೆತ ಹತ್ತಾರು ಶಾಸನಗಳಿಂದಲೂ ಇತಿಹಾಸಕಾರರಿಗೆ ಚಿರಪರಿಚಿತವಾಗಿದೆ. ಅದರ ಸುತ್ತಲಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಸೀಮೆ. ಮಳೆ ಕೈಕೊಟ್ಟ ವರ್ಷ ಇಲ್ಲಿನ ಜನ ಮನೆಗೆ ಬೀಗ ಹಾಕಿ ಗುಳೆ ಹೋಗುತ್ತಾರೆ. ಮಲೆನಾಡಿನ ಕಾಫಿ ತೋಟಗಳಲ್ಲಿಯೋ ಬೆಂಗಳೂರಿನ ಕಟ್ಟಡಗಳಲ್ಲಿಯೋ ದುಡಿದು ಹಿಂತಿರುಗುತ್ತಾರೆ. ಹೋಗುವುದಕ್ಕೂ ಬರುವುದಕ್ಕೂ ನಡುವೆ ಎಲ್ಲೋ ಒಂದು ಕಡೆ ಸಾಲ ಇದ್ದೇ ಇರುತ್ತದೆ.

ಅಮೆರಿಕದಲ್ಲಿ ಒಂದು ಬಗೆಯ ಅಂಗಡಿಗಳಿವೆ. ಬ್ಯಾಂಕಿನವರು ಸಾಲ ಕೊಡಲೊಪ್ಪದ ಕುಟುಂಬವು ಅಲ್ಲಿಂದ ಮಂಚವನ್ನೋ ಶೀತಕ ಪೆಟ್ಟಿಗೆಯನ್ನೋ ವಾರದ ಬಾಡಿಗೆಗೆ ತರುತ್ತದೆ. ಗೊತ್ತಾದ ಅವಧಿಯವರೆಗೆ ಬಾಡಿಗೆ ತಪ್ಪದೆ ಕಟ್ಟಿದರೆ ಸಾಮಾನು ಅವರದಾಗುತ್ತದೆ. ಒಂದು ವಾರ ತಪ್ಪಿದರೆ ಅಂಗಡಿಯವನು ಅದನ್ನು ಹೊತ್ತೊಯ್ಯಬಹುದು. ಕಟ್ಟಿ ಮುಗಿಸಿದವರು ಅನೇಕ ವೇಳೆ ನಗದು ಬೆಲೆಯ ಇಮ್ಮಡಿಯನ್ನು ತೆತ್ತಿರುತ್ತಾರೆ. ನಮ್ಮ ಸೀಮೆಯಲ್ಲಿ ಈ ಹೆಸರಿನ ಅಂಗಡಿಗಳಿಲ್ಲದಿದ್ದರೂ ಕಂತಿನ ಮೇಲೆ ತಂದ ಮಿಕ್ಸಿ, ಹೊಲಿಗೆ ಯಂತ್ರ, ಮೊಬೈಲ್, ದ್ವಿಚಕ್ರ ವಾಹನಗಳು ಮನೆಮನೆಯಲ್ಲಿವೆ. ಕಾನೂನು ಇದರ ಒಂದು ರೂಪವನ್ನು ಬಾಡಿಗೆ-ಖರೀದಿ ಎಂದು ಕರೆಯುತ್ತದೆ. ಇದರ ನಿಜವಾದ ಬೆಲೆ ಏನು, ಆ ಬೆಲೆಯನ್ನು ಹಿಂದಿನವರು ಹೇಗೆ ಕಂಡರು, ಸಭೆಯು ಅದರಿಂದ ಏನು ಕಲಿಯಬೇಕು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮನುಷ್ಯನ ದರ್ಜೆ ನೋಡಿ ಬಡ್ಡಿ

ಬಡ್ಡಿ ಎಂಬ ಮಾತು ಸಂಸ್ಕೃತದ ವೃದ್ಧಿ ಎಂಬುದರ ತದ್ಭವ. ಚಾಲುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ಅದು ಧರ್ಮಕಾರ್ಯದ ಮಾತಾಗಿಯೂ ಬರುತ್ತದೆ. ದಾನಿಯು ಇಷ್ಟು ಗದ್ಯಾಣ ಹೊನ್ನನ್ನು ಮೂಲಧನವಾಗಿ ಇಡುತ್ತಾನೆ. ಅದರ ಬಡ್ಡಿಯಿಂದ ನಂದಾದೀವಿಗೆಯ ಎಣ್ಣೆ ನಡೆಯಬೇಕೆಂದು ಕಟ್ಟುಮಾಡುತ್ತಾನೆ. ದೇವಾಲಯದ ದೀಪ ಉರಿಯಬೇಕಾದರೆ ಯಾರೋ ಒಬ್ಬನು ಆ ಹೊನ್ನನ್ನು ಸಾಲ ಪಡೆದು ಬಡ್ಡಿ ತೆರಲೇಬೇಕಾಗಿತ್ತು. ಶಾಸನವು ದಾನಿಯ ಹೆಸರನ್ನು ಕಲ್ಲಿನಲ್ಲಿ ಉಳಿಸುತ್ತದೆ, ಸಾಲಗಾರನ ಹೆಸರನ್ನು ಉಳಿಸುವುದು ಅಪರೂಪ.

ಆ ಬಡ್ಡಿಯ ದರ ಎಷ್ಟಿರಬೇಕು ಎಂಬುದಕ್ಕೆ ಶಾಸ್ತ್ರವಿತ್ತು. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನವನ್ನು ಬರೆದನು. ಆ ಸ್ಮೃತಿಯ ಪ್ರಕಾರ ಒತ್ತೆಯಿಟ್ಟು ಪಡೆದ ಸಾಲಕ್ಕೆ ತಿಂಗಳಿಗೆ ಅಸಲಿನ ಎಂಬತ್ತನೆಯ ಒಂದು ಭಾಗ, ಅಂದರೆ ವರ್ಷಕ್ಕೆ ನೂರಕ್ಕೆ 15 ಬಡ್ಡಿ. ಒತ್ತೆಯಿಲ್ಲದ ಸಾಲಕ್ಕೆ ವರ್ಣಕ್ರಮದಂತೆ ತಿಂಗಳಿಗೆ ನೂರಕ್ಕೆ 2, 3, 4, 5. ಬ್ರಾಹ್ಮಣನು ವರ್ಷಕ್ಕೆ ನೂರಕ್ಕೆ 24 ತೆರುವಲ್ಲಿ ಶೂದ್ರನು 60 ತೆರಬೇಕು. ಸಾಲದ ಬೆಲೆಯನ್ನು ಸಾಲಗಾರನ ಹುಟ್ಟು ನಿರ್ಧರಿಸುತ್ತಿತ್ತು.

ಇಂದು ವರ್ಣದ ಹೆಸರಿನಲ್ಲಿ ಬಡ್ಡಿ ಹೇಳುವ ಕಾನೂನು ಇಲ್ಲ. ಆದರೆ 2000ದಲ್ಲಿ ಸಿಬಿಲ್ ಸಂಸ್ಥೆ ಸ್ಥಾಪನೆಯಾದ ಮೇಲೆ 300ರಿಂದ 900ರವರೆಗಿನ ಒಂದು ಅಂಕ ಪ್ರತಿಯೊಬ್ಬ ಸಾಲಗಾರನ ಬೆನ್ನಿಗೆ ಬಂದಿದೆ. ಸಿಬಿಲ್ ಎಂಬುದು ಈಗ ಹಳ್ಳಿಯ ಮಾತೂ ಆಗಿದೆ. ಅಂಕವು ಜಾತಿಯನ್ನು ಕೇಳುವುದಿಲ್ಲ, ಹಿಂದಿನ ಸಾಲದ ನಡವಳಿಕೆಯನ್ನು ಮಾತ್ರ ಕೇಳುತ್ತದೆ. ಈ ವ್ಯತ್ಯಾಸ ಸಣ್ಣದಲ್ಲ. ಆದರೂ ಎರಡು ಬೆಳೆ ಕಳೆದುಕೊಂಡು ಕಂತು ತಪ್ಪಿಸಿದವನನ್ನೂ ಬೇಕೆಂದೇ ಸಾಲ ಮುಳುಗಿಸಿದವನನ್ನೂ ಅದು ಬೇರೆ ಮಾಡಿ ನೋಡಲಾರದು. ಅಂಕ ಕಡಿಮೆಯಾದವನಿಗೆ ಬ್ಯಾಂಕಿನ ಬಾಗಿಲು ಮುಚ್ಚುತ್ತದೆ, ಹೆಚ್ಚು ಬೆಲೆಯ ಸಾಲದ ಬಾಗಿಲು ತೆರೆಯುತ್ತದೆ. ಯಾರ ಬಳಿ ಕಡಿಮೆ ಇದೆಯೋ ಅವರೇ ಹೆಚ್ಚು ತೆರಬೇಕೆಂಬ ಹಳೆಯ ನಿಯಮ ಹೊಸ ಲೆಕ್ಕದಲ್ಲಿಯೂ ಹಾಗೆಯೇ ಉಳಿದಿದೆ.

ಕಿಸ್ತಿನಿಂದ ಕಂತಿಗೆ

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟನು. 1800ರಿಂದ 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ರೈತವಾರಿ ಪದ್ಧತಿಗೆ ಅಡಿಪಾಯ ಹಾಕಿದನು. ರೈತನು ಸರ್ಕಾರದೊಂದಿಗೆ ನೇರವಾಗಿ ವ್ಯವಹರಿಸುವುದು ಅದರ ಗುಣವಾಗಿತ್ತು. ಕಂದಾಯವನ್ನು ಗೊತ್ತಾದ ಕಿಸ್ತುಗಳಲ್ಲಿ ನಾಣ್ಯದಲ್ಲಿಯೇ ಕಟ್ಟಬೇಕಾದದ್ದು ಅದರ ಭಾರವಾಗಿತ್ತು. ಕಿಸ್ತಿನ ದಿನ ಬಂದಾಗ ರೈತನು ಸುಗ್ಗಿಯ ಅಗ್ಗದ ಧಾರಣೆಗೆ ಕಾಳು ಮಾರಬೇಕು, ಇಲ್ಲವೇ ಸಾಹುಕಾರನ ಬಳಿ ಹೋಗಬೇಕು. ತಿಂಗಳ ನಿಗದಿತ ದಿನಕ್ಕೆ ನಿಗದಿತ ಹಣ, ಮಳೆ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ ಎಂಬ ಶಿಸ್ತು ಈ ಸೀಮೆಗೆ ಮೊದಲು ಬಂದದ್ದು ಕಂದಾಯದ ರೂಪದಲ್ಲಿ. ಇಂದಿನ ಕಂತು ಅದೇ ಶಿಸ್ತಿನ ಮುಂದುವರಿಕೆ.

1876ರಿಂದ 1878ರವರೆಗಿನ ಧಾತು-ಈಶ್ವರ ಬರದಲ್ಲಿ ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಒಂದಾಗಿತ್ತು. ಅದಕ್ಕೆ ಸ್ವಲ್ಪ ಮುಂಚೆ, 1875ರ ಮೇ ತಿಂಗಳಲ್ಲಿ, ಪುಣೆ ಜಿಲ್ಲೆಯ ಸುಪೆಯಲ್ಲಿ ಆರಂಭವಾದ ರೈತ ದಂಗೆ ಅಹಮದ್‌ನಗರದವರೆಗೂ ಹಬ್ಬಿತು. ದಂಗೆಯೆದ್ದವರು ಮುಖ್ಯವಾಗಿ ಹುಡುಕಿದ್ದು ಸಾಲಪತ್ರಗಳನ್ನು. ಕೈಗೆ ಸಿಕ್ಕವನ್ನು ಸುಟ್ಟುಹಾಕಿದರು. 1879ರ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆಯು ಇದರ ಫಲ. ಪತ್ರದಲ್ಲಿ ಬರೆದ ಮೊತ್ತವನ್ನು ಹಾಗೆಯೇ ಒಪ್ಪದೆ ಸಾಲದ ಪೂರ್ವೇತಿಹಾಸವನ್ನು ಕೆದಕಿ ನೋಡುವ ಅಧಿಕಾರವನ್ನು ಅದು ನ್ಯಾಯಾಲಯಕ್ಕೆ ಕೊಟ್ಟಿತು. ಸಾಹುಕಾರರು ಅದಕ್ಕೆ ಉತ್ತರವಾಗಿ ಅಡಮಾನ ಪತ್ರವನ್ನು ಬಿಟ್ಟು ಕ್ರಯಪತ್ರವನ್ನೇ ಬರೆಸಿಕೊಳ್ಳತೊಡಗಿದರು. ಕಾಗದದ ಮೇಲೆ ಭೂಮಿ ಮಾರಾಟವಾಗಿರುತ್ತಿತ್ತು. ಹಣ ತೀರಿಸಿದರೆ ಹಿಂದಕ್ಕೆ ಕೊಡುತ್ತೇನೆಂಬುದು ಬಾಯಿಮಾತು. ಬಡ್ಡಿಯ ಮೇಲೆ ಕಣ್ಣಿಟ್ಟಾಗ ಬಡ್ಡಿಯು ತನ್ನ ಹೆಸರು ಬದಲಿಸಿ ಮಾರಾಟವೆಂದು ಕರೆದುಕೊಂಡಿತು. ಮುಂದಿನ ಇತಿಹಾಸವನ್ನು ಓದುವಾಗ ಈ ಒಂದು ಸಂಗತಿಯನ್ನು ಮರೆಯಬಾರದು.

ಬಳ್ಳಾರಿ ಜಿಲ್ಲೆಯು 1953ರವರೆಗೆ ಮದ್ರಾಸಿಗೆ ಸೇರಿದ್ದುದರಿಂದ ರಾಜಾಜಿಯವರ ಸರ್ಕಾರ ತಂದ 1938ರ ಮದ್ರಾಸ್ ಕೃಷಿಕರ ಪರಿಹಾರ ಕಾಯ್ದೆ ಇಲ್ಲಿಗೂ ಅನ್ವಯಿಸಿತು. 1932ರ ಅಕ್ಟೋಬರ್ 1ಕ್ಕಿಂತ ಹಿಂದಿನ ಸಾಲಗಳಿಗೆ 1937ರ ಅಕ್ಟೋಬರ್ 1ರಂದು ಬಾಕಿಯಿದ್ದ ಬಡ್ಡಿಯೆಲ್ಲ ರದ್ದಾಯಿತು. ಅಸಲಿನ ಇಮ್ಮಡಿಯನ್ನು ಈಗಾಗಲೇ ಕಟ್ಟಿದವನ ಸಾಲ ತೀರಿತೆಂದೇ ಲೆಕ್ಕ. ಅಸಲಿಗಿಂತ ಬಡ್ಡಿ ಹೆಚ್ಚಬಾರದೆಂಬ ಹಳೆಯ ಸ್ಮೃತಿಗಳ ನಿಯಮ ಇಲ್ಲಿ ಹೊಸ ರೂಪದಲ್ಲಿ ಮರಳಿತು. ಕರ್ನಾಟಕದಲ್ಲಿ 1976ರಲ್ಲಿ ದೇವರಾಜ ಅರಸು ಅವರ ಸರ್ಕಾರವು ಋಣ ಪರಿಹಾರ ಕಾಯ್ದೆಯನ್ನು ತಂದು ಸಣ್ಣ ರೈತರ, ಭೂಹೀನ ಕೂಲಿಕಾರರ ಮತ್ತು ದುರ್ಬಲ ವರ್ಗದವರ ಸಾಲಗಳನ್ನು ಬಿಡುಗಡೆ ಮಾಡಿತು. ಅದೇ ವರ್ಷದ ಕೇಂದ್ರ ಕಾಯ್ದೆಯು ಜೀತ ಪದ್ಧತಿಯನ್ನು ರದ್ದುಗೊಳಿಸಿತು. ಸಾಲಕ್ಕೆ ಬಡ್ಡಿಯಾಗಿ ಮನುಷ್ಯನ ಮೈಯನ್ನೇ, ಕೆಲವೊಮ್ಮೆ ಅವನ ಮಗನ ಮೈಯನ್ನೂ ತೆಗೆದುಕೊಳ್ಳುತ್ತಿದ್ದ ಪದ್ಧತಿ ಅದು.

ಬಾಡಿಗೆ-ಖರೀದಿಯ ಒಡೆತನ

ಸಾಮಾನನ್ನು ಕಂತಿನ ಮೇಲೆ ಕೊಡುವ ಪದ್ಧತಿ ಭಾರತಕ್ಕೆ ಬಂದ ದಾರಿಗಳಲ್ಲಿ ಸಿಂಗರ್ ಹೊಲಿಗೆ ಯಂತ್ರವೂ ಒಂದು. ದರ್ಜಿಯೊಬ್ಬನು ಒಮ್ಮೆಗೇ ಕೊಳ್ಳಲಾಗದ ಯಂತ್ರವನ್ನು ತಿಂಗಳ ಕಂತಿನ ಮೇಲೆ ತಂದು ಅದರಿಂದಲೇ ದುಡಿದು ತೀರಿಸಬಹುದಾಗಿತ್ತು. ಇದರಿಂದ ಎಷ್ಟೋ ಕುಟುಂಬಗಳು ಬದುಕಿದ್ದು ಸತ್ಯ. ಆದ್ದರಿಂದ ಕಂತೇ ಪಾಪವೆಂದು ತೀರ್ಪು ಕೊಡುವುದು ಇತಿಹಾಸಕ್ಕೆ ನ್ಯಾಯವಾಗದು.

ತೊಡಕು ಇರುವುದು ಒಡೆತನದಲ್ಲಿ. 1895ರಲ್ಲಿ ಇಂಗ್ಲೆಂಡಿನ ಲಾರ್ಡ್ಸ್ ಸಭೆಯು ಹೆಲ್ಬಿ ಮತ್ತು ಮ್ಯಾಥ್ಯೂಸ್ ಮೊಕದ್ದಮೆಯಲ್ಲಿ ಒಂದು ಪಿಯಾನೊ ವಾದ್ಯದ ಕುರಿತು ತೀರ್ಪು ಕೊಟ್ಟಿತು. ತಿಂಗಳ ಕಂತಿನ ಮೇಲೆ ಅದನ್ನು ತಂದವನು ಮುಗಿಯುವ ಮುಂಚೆಯೇ ಗಿರವಿ ಇಟ್ಟಿದ್ದನು. ಕೊನೆಯ ಕಂತು ಸಲ್ಲುವವರೆಗೆ ಅವನು ಬಾಡಿಗೆದಾರನೇ ಹೊರತು ಕೊಂಡವನಲ್ಲ, ಆದ್ದರಿಂದ ವಾದ್ಯವು ಅಂಗಡಿಯವನದೇ ಎಂದು ತೀರ್ಪಾಯಿತು. ಅಲ್ಲಿಂದ ಮುಂದೆ ಬಾಡಿಗೆ-ಖರೀದಿಯು ಭದ್ರವಾದ ವ್ಯಾಪಾರವಾಯಿತು. ಹತ್ತರಲ್ಲಿ ಒಂಬತ್ತು ಪಾಲು ಕಟ್ಟಿದವನಿಂದಲೂ ಸಾಮಾನು ಕಸಿದುಕೊಂಡು ಹೋಗುವ ಹಾವಳಿ ಹೆಚ್ಚಿದಾಗ, ಎಲೆನ್ ವಿಲ್ಕಿನ್‌ಸನ್ ಎಂಬ ಸಂಸತ್ ಸದಸ್ಯೆಯ ಪ್ರಯತ್ನದಿಂದ 1938ರಲ್ಲಿ ಅಲ್ಲಿ ಕಾಯ್ದೆ ಬಂದಿತು. ಬೆಲೆಯ ಮೂರನೆಯ ಒಂದು ಪಾಲು ಕಟ್ಟಿದ ಮೇಲೆ ನ್ಯಾಯಾಲಯದ ಆಜ್ಞೆಯಿಲ್ಲದೆ ಸಾಮಾನು ಮುಟ್ಟುವಂತಿಲ್ಲವೆಂದು ಅದು ವಿಧಿಸಿತು.

ಭಾರತವೂ 1972ರಲ್ಲಿ ಬಾಡಿಗೆ-ಖರೀದಿ ಕಾಯ್ದೆಯನ್ನು ಅಂಗೀಕರಿಸಿತು. ಬೆಲೆಯ ಗೊತ್ತಾದ ಪಾಲು ಕಟ್ಟಿದವನಿಂದ ಸಾಮಾನನ್ನು ಸುಮ್ಮನೆ ಕಿತ್ತುಕೊಳ್ಳುವುದಕ್ಕೆ ಅದರಲ್ಲಿಯೂ ತಡೆಯಿತ್ತು. ಆದರೆ ಕಾಯ್ದೆ ಜಾರಿಗೆ ಬರಲು ಸರ್ಕಾರ ದಿನಾಂಕವನ್ನು ಪ್ರಕಟಿಸಬೇಕಾಗಿತ್ತು. ಆ ದಿನಾಂಕ ಬರಲೇ ಇಲ್ಲ. ಒಂದು ದಿನವೂ ಜಾರಿಯಾಗದೆ ಉಳಿದ ಆ ಕಾಯ್ದೆಯನ್ನು 2005ರಲ್ಲಿ ರದ್ದುಪಡಿಸಲಾಯಿತು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಬಡವರ ರಕ್ಷಣೆ ಪುಸ್ತಕದಲ್ಲಿಯೇ ಇತ್ತು.

ಇಲ್ಲಿ ಹಳ್ಳಿಯ ಒಂದು ವಾಡಿಕೆಯನ್ನು ಹೋಲಿಕೆಗೆ ನೆನೆಯಬಹುದು. ಉಳ್ಳವನು ತನ್ನ ಎಮ್ಮೆಯನ್ನೋ ಕುರಿಯನ್ನೋ ಇಲ್ಲದವನಿಗೆ ಪಾಲಿಗೆ ಸಾಕಲು ಕೊಡುತ್ತಾನೆ. ಹುಟ್ಟಿದ ಕರುವಿನಲ್ಲಿ, ಮರಿಯಲ್ಲಿ ಇಬ್ಬರಿಗೂ ಪಾಲು. ಈ ವಾಡಿಕೆಯಲ್ಲಿಯೂ ಒಡೆಯನದೇ ಮೇಲುಗೈ, ಆದರೂ ಫಲ ಬಾರದ ವರ್ಷ ಇಬ್ಬರಿಗೂ ನಷ್ಟ. ಕಂತಿನ ಸಾಮಾನು ಕೆಟ್ಟು ಕೂತರೂ ಕಂತು ನಿಲ್ಲುವುದಿಲ್ಲ. ಒಡೆತನವೆಲ್ಲ ಒಬ್ಬನದು, ಅಪಾಯವೆಲ್ಲ ಇನ್ನೊಬ್ಬನದು.

ಲೆಕ್ಕದೊಳಗಿನ ಲೆಕ್ಕ

ಬೆಲೆ ಎಲ್ಲಿ ಅಡಗಿರುತ್ತದೆಂಬುದನ್ನು ತೋರಿಸಲು ಒಂದು ಕಲ್ಪಿತ ಉದಾಹರಣೆ ಸಾಕು. ನಗದಿಗೆ 10,000 ರೂಪಾಯಿ ಬೆಲೆಯ ಹೊಲಿಗೆ ಯಂತ್ರವನ್ನು ವಾರಕ್ಕೆ 300 ರೂಪಾಯಿಯಂತೆ 52 ವಾರಗಳ ಕಂತಿಗೆ ಕೊಟ್ಟರೆಂದು ಇಟ್ಟುಕೊಳ್ಳೋಣ. ಒಟ್ಟು ಕಟ್ಟುವುದು 15,600. ಹೆಚ್ಚುವರಿ 5,600 ಆದ್ದರಿಂದ ಬಡ್ಡಿ ನೂರಕ್ಕೆ 56 ಎಂದು ತೋರುತ್ತದೆ. ಆದರೆ ಸಾಲಗಾರನ ಕೈಯಲ್ಲಿ ವರ್ಷವಿಡೀ 10,000 ರೂಪಾಯಿಯ ಸಾಲ ಉಳಿದಿರುವುದಿಲ್ಲ. ವಾರವಾರವೂ ಅಸಲು ಕರಗುತ್ತಿರುತ್ತದೆ. ವರ್ಷದ ಸರಾಸರಿ ಬಾಕಿ ಸುಮಾರು 5,900 ಮಾತ್ರ. ಅದರ ಮೇಲೆ 5,600 ತೆತ್ತರೆ ವಾರ್ಷಿಕ ಬಡ್ಡಿ ನೂರಕ್ಕೆ ಸುಮಾರು 95 ಆಗುತ್ತದೆ.

ಸಂತೆಯ ವ್ಯಾಪಾರಿಗಳು ಪಡೆಯುವ ದಿನದ ಸಾಲವೂ ಹೀಗೆಯೇ. 10,000 ಎಂದು ಬರೆದು 1,000 ಹಿಡಿದುಕೊಂಡು 9,000 ಕೈಗೆ ಕೊಡುತ್ತಾರೆ. ದಿನಕ್ಕೆ 100ರಂತೆ 100 ದಿನ ವಸೂಲು. ಕೇಳಿದರೆ ನೂರಕ್ಕೆ ಹತ್ತು ಎನ್ನುತ್ತಾರೆ. ವರ್ಷದ ಲೆಕ್ಕಕ್ಕೆ ತಂದರೆ ಅದು ನೂರಕ್ಕೆ ಸುಮಾರು 78. ಈ ಎರಡರಲ್ಲಿಯೂ ಸುಳ್ಳು ಅಂಕಿ ಒಂದೂ ಇಲ್ಲ. ಕಟ್ಟುವವರಿಗೆ ಕಾಣುವುದು ಕಂತು ಮಾತ್ರ, ಬೆಲೆ ಕಾಣುವುದಿಲ್ಲ, ಅಷ್ಟೇ. ಶೂನ್ಯ ಬಡ್ಡಿಯ ಕಂತು ಎಂಬ ಪ್ರಚಾರದಲ್ಲಿಯೂ ಬಡ್ಡಿಯು ಬೇರೆ ಹೆಸರಿನ ಶುಲ್ಕದೊಳಗೆ ಅಡಗಿರುವುದನ್ನು ಗಮನಿಸಿ ರಿಸರ್ವ್ ಬ್ಯಾಂಕು 2013ರಲ್ಲಿ ಬ್ಯಾಂಕುಗಳಿಗೆ ಅಂಥ ಯೋಜನೆಗಳನ್ನು ನಿಷೇಧಿಸಿತು.

ಕಿರುಸಾಲದ ಸಂಸ್ಥೆಗಳ ಕಥೆ ಇದಕ್ಕೆ ಹೊಂದಿಕೊಂಡಿದೆ. 2010ರಲ್ಲಿ ಆಂಧ್ರಪ್ರದೇಶದಲ್ಲಿ ವಸೂಲಿಯ ಕಿರುಕುಳ ಮಿತಿಮೀರಿದ ಮೇಲೆ ಬಡ್ಡಿಗೆ ಮಿತಿ ಬಂದಿತು. 2022ರ ಹೊಸ ನಿಯಮಗಳಲ್ಲಿ ಆ ಮಿತಿಯನ್ನು ತೆಗೆದು, ಒಂದು ಕುಟುಂಬದ ಸಾಲದ ಕಂತುಗಳು ಅದರ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂಬ ಕಟ್ಟಳೆಯನ್ನು ಹಾಕಲಾಯಿತು. ಕರ್ನಾಟಕ ಸರ್ಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯ ಮೂಲಕ ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಿತು. ಮನೆ ಬಿಟ್ಟು ಓಡಿಹೋದ ಕುಟುಂಬಗಳ ಮತ್ತು ಆತ್ಮಹತ್ಯೆಗಳ ಸುದ್ದಿ ಅದರ ಹಿನ್ನೆಲೆಯಲ್ಲಿತ್ತು.

ಸತ್ಯವೇದ ಕೇಳುವ ಪ್ರಶ್ನೆಗಳು

ಧರ್ಮಶಾಸ್ತ್ರವು ಬಡ ಸಹೋದರನಿಂದ ಬಡ್ಡಿಯನ್ನು ನಿಷೇಧಿಸುತ್ತದೆಂಬುದು (ವಿಮೋಚನಕಾಂಡ 22:25, ಯಾಜಕಕಾಂಡ 25:35–37) ಎಲ್ಲರೂ ಬಲ್ಲ ಸಂಗತಿ. ಆದರೆ ಅದು ದರದ ವಿಷಯಕ್ಕೆ ನಿಲ್ಲುವುದಿಲ್ಲ. ಬೀಸುವ ಕಲ್ಲನ್ನು, ಅದರ ಮೇಲಿನ ಕಲ್ಲೊಂದನ್ನೂ ಸಹ ಒತ್ತೆಯಾಗಿ ತೆಗೆದುಕೊಳ್ಳಬಾರದೆಂದು ಧರ್ಮೋಪದೇಶಕಾಂಡ 24:6 ಹೇಳುತ್ತದೆ; ಅದು ಪ್ರಾಣವನ್ನೇ ಒತ್ತೆ ಹಿಡಿದಂತೆ. ಒತ್ತೆಯನ್ನು ತರಲು ಸಾಲಗಾರನ ಮನೆಯೊಳಗೆ ನುಗ್ಗಬಾರದು, ಹೊರಗೆ ನಿಂತಿರಬೇಕು (24:10–11). ಬಡವನ ಹೊದಿಕೆಯನ್ನು ಸೂರ್ಯ ಮುಳುಗುವಾಗ ಹಿಂದಕ್ಕೆ ಕೊಡಬೇಕು. ಬಡ್ಡಿಗೆ ಹೆಸರು ಬದಲಿಸುವ ಅಭ್ಯಾಸವಿದೆಯೆಂದು ಬಲ್ಲ ಶಾಸ್ತ್ರದಂತೆ ಇದು ಮಾತಾಡುತ್ತದೆ. ಸಾಲ ಕೆಟ್ಟಾಗ ಮನೆಯಿಂದ ಏನು ಹೋಗುತ್ತದೆ ಎಂಬುದೇ ಅದರ ಪ್ರಶ್ನೆ. ಹೊಲಿಗೆಯಿಂದ ಬದುಕುವ ವಿಧವೆಯ ಯಂತ್ರವು ಇಂದಿನ ಬೀಸುವ ಕಲ್ಲು.

ಇನ್ನೊಂದು ಪ್ರಶ್ನೆ ಸಾಲದ ಕೊನೆಯದು. ಏಳನೆಯ ವರ್ಷದಲ್ಲಿ ಸಾಲ ಬಿಡುಗಡೆಯಾಗಬೇಕು. ಆ ವರ್ಷ ಹತ್ತಿರವಾಯಿತೆಂದು ಕೈ ಬಿಗಿ ಹಿಡಿಯಬಾರದೆಂದು ಧರ್ಮೋಪದೇಶಕಾಂಡ 15:9 ಮುಂಚೆಯೇ ಎಚ್ಚರಿಸುತ್ತದೆ. ಎಚ್ಚರಿಕೆ ಸಾಲದಾಯಿತು. ಬಿಡುಗಡೆಗೆ ಹೆದರಿ ಯಾರೂ ಸಾಲ ಕೊಡದಿದ್ದಾಗ ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ ಹಿಲ್ಲೇಲ್ ಎಂಬ ಗುರುವು ಪ್ರೊಜ್ಬೂಲ್ ಎಂಬ ವ್ಯವಸ್ಥೆಯಿಂದ ಸಾಲವನ್ನು ನ್ಯಾಯಾಲಯಕ್ಕೆ ಒಪ್ಪಿಸಿ ಉಳಿಸುವ ದಾರಿ ಮಾಡಿದನೆಂದು ಯೆಹೂದ್ಯ ಸಂಪ್ರದಾಯ ಹೇಳುತ್ತದೆ. ಸಾಲಮನ್ನಾದ ಪ್ರತಿಯೊಂದು ಕಾಯ್ದೆಯೂ ಎದುರಿಸುವ ಇಕ್ಕಟ್ಟು ಇದೇ: ಹಳೆಯ ಸಾಲ ಅಳಿಸಿದ ಕೈ ಹೊಸ ಸಾಲವನ್ನು ನ್ಯಾಯವಾಗಿ ಕೊಡುವ ಇನ್ನೊಂದು ಕೈಯನ್ನು ತೋರಿಸದಿದ್ದರೆ ಬಡವರು ಮತ್ತಷ್ಟು ದುಬಾರಿ ಬಾಗಿಲಿಗೆ ಹೋಗುತ್ತಾರೆ.

ಲೂಕ 16ರ ಮನೆವಾರ್ತೆಯವನು ಎಣ್ಣೆಯ ಪತ್ರದಲ್ಲಿ ನೂರನ್ನು ಐವತ್ತು ಮಾಡಿಸಿದನು, ಗೋದಿಯ ಪತ್ರದಲ್ಲಿ ನೂರನ್ನು ಎಂಬತ್ತು ಮಾಡಿಸಿದನು. ಕಾನೂನಿನ ಇತಿಹಾಸಕಾರ ಡೆರೆಟ್ ಅವರು 1961ರಲ್ಲಿ ಈ ಸಾಮ್ಯಕ್ಕೆ ಒಂದು ಅರ್ಥವನ್ನು ಸೂಚಿಸಿದರು: ಅವನು ಕಳೆದದ್ದು ಪತ್ರದೊಳಗೆ ಅಸಲಿನ ವೇಷದಲ್ಲಿ ಅಡಗಿದ್ದ ಬಡ್ಡಿಯನ್ನು. ಎಲ್ಲ ಪಂಡಿತರೂ ಇದನ್ನು ಒಪ್ಪಿಲ್ಲ. ಆದರೂ ಬಿತ್ತನೆಗೆ ಒಂದು ಚೀಲ ಜೋಳ ಪಡೆದು ಸುಗ್ಗಿಗೆ ಒಂದೂವರೆ ಚೀಲ ಅಳೆದುಕೊಟ್ಟ ಸೀಮೆಯ ಓದುಗರಿಗೆ ಈ ವ್ಯಾಖ್ಯಾನ ವಿಚಿತ್ರವೆನಿಸದು.

ಸಭೆಯ ಹಳೆಯ ದಾರಿ

ಕ್ರಿ.ಶ. 325ರ ನೈಸಿಯ ಸಮಾಲೋಚನಾ ಸಭೆಯ 17ನೆಯ ನಿಯಮವು ಬಡ್ಡಿ ತೆಗೆದುಕೊಳ್ಳುವ ಸಭಾಸೇವಕನನ್ನು ಪದವಿಯಿಂದ ಇಳಿಸಬೇಕೆಂದು ವಿಧಿಸಿತು. ಸಭೆಯು ಈ ವಿಷಯದಲ್ಲಿ ಮೊದಲು ತನ್ನವರನ್ನೇ ಶಿಕ್ಷಿಸಿತೆಂಬುದನ್ನು ಗಮನಿಸಬೇಕು. ಆದರೆ ನಿಷೇಧ ಮಾತ್ರದಿಂದ ಬಡವನಿಗೆ ಹಣ ಸಿಗಲಿಲ್ಲ. 1462ರಲ್ಲಿ ಇಟಲಿಯ ಪೆರೂಜದಲ್ಲಿ ಫ್ರಾನ್ಸಿಸ್ಕನ್ ಸಹೋದರರ ಪ್ರೇರಣೆಯಿಂದ ಬಡವರ ಗಿರವಿ ನಿಧಿ ಆರಂಭವಾಯಿತು. ಅದರ ಖರ್ಚಿಗೆ ಬೇಕಾದಷ್ಟು ಸಣ್ಣ ಶುಲ್ಕ ಸಲ್ಲುತ್ತದೆಂದು 1515ರಲ್ಲಿ ಐದನೆಯ ಲ್ಯಾಟರನ್ ಸಭೆ ಒಪ್ಪಿತು. ಸುಧಾರಣೆಯ ಕಾಲದಲ್ಲಿ ಕಾಲ್ವಿನನು ವ್ಯಾಪಾರದ ಬಂಡವಾಳಕ್ಕೆ ಬಡ್ಡಿಯನ್ನು ಒಪ್ಪಿದರೂ ಬಡವನಿಂದ ತೆಗೆದುಕೊಳ್ಳುವುದನ್ನು ಒಪ್ಪಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸೆನ್ ಎಂಬ ದೈವಭಕ್ತ ಗ್ರಾಮಾಧಿಕಾರಿಯು ಧರ್ಮದಾನದಿಂದ ಆರಂಭಿಸಿ, ದಾನ ಸಾಲದೆಂದು ಕಂಡು, 1864ರಲ್ಲಿ ಹೆಡ್ಡೆಸ್‌ಡಾರ್ಫಿನಲ್ಲಿ ಸಾಲ ಸಂಘವನ್ನು ಕಟ್ಟಿದನು. ಸದಸ್ಯರೆಲ್ಲ ಒಬ್ಬರಿಗೊಬ್ಬರು ಜಾಮೀನು. ಒಬ್ಬೊಬ್ಬನಾಗಿ ನಂಬಿಕೆಗೆ ಅರ್ಹನೆನಿಸದ ಬಡವನು ನೆರೆಹೊರೆಯೊಂದಿಗೆ ಸೇರಿ ಅರ್ಹನಾದನು. ಮದ್ರಾಸ್ ಸರ್ಕಾರಕ್ಕಾಗಿ ಫ್ರೆಡೆರಿಕ್ ನಿಕೋಲ್ಸನ್ 1895 ಮತ್ತು 1897ರಲ್ಲಿ ಎರಡು ಸಂಪುಟಗಳಲ್ಲಿ ಕೊಟ್ಟ ವರದಿಯ ಸಾರವೆಂದರೆ ಈ ನಾಡಿಗೂ ಒಬ್ಬ ರೈಫೈಸೆನ್ ಬೇಕು ಎಂಬುದು. 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾಯ್ದೆ ಬಂದಿತು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕನ್ನಡ ನಾಡಿನ ಮೊದಲ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಕಣಗಿನಹಾಳವು ತುಂಗಭದ್ರೆಯ ಆಚೆ ದಡದ ಸೀಮೆಯಲ್ಲಿದೆ, ಹಡಗಲಿಗೆ ದೂರವೇನೂ ಅಲ್ಲ. 1909ರಲ್ಲಿ ರಾಂಚಿಯಲ್ಲಿ ಜೆಸ್ವಿಟ್ ಗುರು ಹಾಫ್‌ಮನ್ ಆದಿವಾಸಿಗಳಿಗಾಗಿ, 1912ರಲ್ಲಿ ಮಂಗಳೂರಿನ ಕಥೋಲಿಕರು ತಮ್ಮ ಸಮುದಾಯಕ್ಕಾಗಿ ಇದೇ ದಾರಿಯಲ್ಲಿ ಸಂಘಗಳನ್ನು ಕಟ್ಟಿದರು. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಕರ್ನಾಟಕದಲ್ಲಿ ಬೆಳೆಸಿದ ಸ್ವಸಹಾಯ ಗುಂಪುಗಳಲ್ಲಿಯೂ ಆ ತತ್ತ್ವ ಜೀವಂತವಾಗಿತ್ತು. ಪರಸ್ಪರ ಜಾಮೀನು ಪ್ರೀತಿಯಿಂದ ಹುಟ್ಟಿದಾಗ ಸಂಘವಾಗುತ್ತದೆ. ವಸೂಲಿಯ ಉಪಾಯವಾಗಿ ಬಂದಾಗ ಒಬ್ಬಳ ಕಂತು ತಪ್ಪಿದರೆ ನೆರೆಯವರೇ ಅವಳ ಬಾಗಿಲಲ್ಲಿ ಕೂರುವಂತಾಗುತ್ತದೆ. ಇವೆರಡೂ ನಮ್ಮ ಹಳ್ಳಿಗಳಲ್ಲಿ ನಡೆದಿವೆ.

ಉಪಸಂಹಾರ

ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಸತ್ಯವೇದದ ಅನುವಾದಕ್ಕೆ ಕೈಹಾಕಿದರು. ಆ ದೀರ್ಘ ಪರಿಶ್ರಮದ ಪರಂಪರೆಗೆ ಸಭೆ ಋಣಿಯಾಗಿದೆ. ನಾವು ಇಂದು ಬಳಸುವ ಕರ್ತನ ಪ್ರಾರ್ಥನೆಯಲ್ಲಿ ತಪ್ಪು ಎಂಬ ಮಾತಿದೆ. ಮತ್ತಾಯ 6:12ರ ಗ್ರೀಕ್ ಮೂಲದಲ್ಲಿರುವ ಪದದ ನೇರ ಅರ್ಥ ಸಾಲ. ಪಾಪವನ್ನು ಸಾಲವೆಂದು ಕರೆಯುವುದು ಆ ಕಾಲದ ಅರಾಮಿಕ್ ಮಾತಿನ ರೂಢಿಯಾಗಿದ್ದುದರಿಂದ ಅನುವಾದ ತಪ್ಪಲ್ಲ. ಆದರೂ ಸಾಲವೆಂಬ ಮಾತು ಮರೆಯಾದಾಗ, ಸಾಲಗಾರನಾಗಿ ಸಭೆಯಲ್ಲಿ ನಿಂತವನಿಗೆ ಈ ಪ್ರಾರ್ಥನೆ ತನ್ನ ವಾರದ ಚಿಂತೆಯನ್ನೇ ಕುರಿತದ್ದೆಂದು ಹೊಳೆಯುವುದಿಲ್ಲ. ಸಾಲ ಕೊಟ್ಟವನಿಗೂ ಅದು ತನ್ನ ಲೆಕ್ಕದ ಪುಸ್ತಕವನ್ನು ಮುಟ್ಟುತ್ತದೆಂದು ಅನಿಸುವುದಿಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 2:14ರಲ್ಲಿ ಶಿಲುಬೆಗೆ ಜಡಿಯಲ್ಪಟ್ಟದ್ದೂ ಒಂದು ಸಾಲಪತ್ರವೇ ಎಂಬ ಅರ್ಥ ಮೂಲಪದದಲ್ಲಿದೆ. ಸುಪೆಯ ರೈತರು ಬೆಂಕಿಯಲ್ಲಿ ಹುಡುಕಿದ ಬಿಡುಗಡೆಯನ್ನು ಅಪೊಸ್ತಲನು ಶಿಲುಬೆಯಲ್ಲಿ ಸಾರುತ್ತಾನೆ.

ಸಭಾಪಾಲಕರ ಹೊಣೆ ಇಲ್ಲಿಂದ ಆರಂಭವಾಗುತ್ತದೆ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯನ್ನು ಬಡವರಿಗೆ ಬೋಧಿಸುವುದು ಸುಲಭ. ಹಾಸಿಗೆಯೇ ಕಂತಿನದಾಗಿರುವಾಗ ಆ ಬೋಧನೆ ಎಲ್ಲಿಗೂ ಮುಟ್ಟದು. ಸಹಿ ಹಾಕುವ ಮುಂಚೆ ಪತ್ರವನ್ನು ಓದಿ ಒಟ್ಟು ಮೊತ್ತವನ್ನು ಕನ್ನಡದಲ್ಲಿ ಬರೆದುಕೊಡಬಲ್ಲ ಇಬ್ಬರು ಪ್ರತಿ ಸಭೆಯಲ್ಲಿ ಇರಲಿ. ದುಡಿಮೆಯ ಸಾಧನವನ್ನು ಉಳಿಸಿಕೊಳ್ಳಲು ಕಷ್ಟಪಡುವವರಿಗೆ ಒತ್ತೆ ಕೇಳದ ಸಣ್ಣ ನಿಧಿಯೊಂದು ಇರಲಿ. ಸಭೆಯಲ್ಲಿ ಬಡ್ಡಿ ವ್ಯವಹಾರ ಮಾಡುವವರಿದ್ದರೆ ನೈಸಿಯದ ನಿಯಮವನ್ನು ಮೊದಲು ಪುರೋಹಿತವರ್ಗವೇ ನೆನೆಯಲಿ. ದೈವಶಾಸ್ತ್ರದ ವಿದ್ಯಾರ್ಥಿಗಳು ಯಾಜಕಕಾಂಡ 25ನೆಯ ಅಧ್ಯಾಯವನ್ನು ಓದುವಾಗ ತಾವು ಸೇವೆಗೆ ಹೋಗಲಿರುವ ಊರಿನ ಒಂದು ಮನೆಯ ಕಂತುಗಳ ಪಟ್ಟಿಯನ್ನೂ ಪಕ್ಕದಲ್ಲಿಟ್ಟು ಓದಲಿ.